ಡ್ರ್ಯಾಗನ್ ರೆಕ್ಕೆಗೆ ಅಂಟು ಬೇಡ, ಭುಜ ಬದಲಾಯಿಸಿ

ನೀವು ಲೆಗೋ ತುಂಡುಗಳಲ್ಲಿ ಕಟ್ಟಿದ, ಕೋಟೆ ಮೇಲೆ ಕೂತ ಕೆಂಪು ಡ್ರ್ಯಾಗನ್ ಫೋಟೋ ಹಾಕಿ, "ರೆಕ್ಕೆ ಅರ್ಧ ಗಂಟೆಯಲ್ಲಿ ಜೋತು ಬೀಳುತ್ತೆ, ಮಿಕ್ಸೆಲ್ ಜಾಯಿಂಟ್‌ಗೆ ಫೆವಿಕ್ವಿಕ್ ಹಾಕಬಹುದಾ?" ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. (ಮಿಕ್ಸೆಲ್ ಜಾಯಿಂಟ್ ಅಂದರೆ ಪುಟ್ಟ ಬಾಲ್ ಒಂದು ಸಾಕೆಟ್‌ನಲ್ಲಿ ಕೂತು ತಿರುಗುವ ಕೀಲು.) ಕೆಳಗೆ ಕೆಲವರು "ಒಂದು ಹನಿ ಸಾಕು" ಅಂದಿದ್ದಾರೆ. ಆ ದಾರಿಯಲ್ಲಿ ನಾನೂ ಹೋಗಿ ಬಂದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಅಂಟು ಹಾಕಿದರೆ ಆ ಬಾಲ್ ನಿಲ್ಲುತ್ತದೆ, ನಿಜ. ಆದರೆ ಭಾರ ಎಲ್ಲಿಗೆ ಹೋಯಿತು? ಪಕ್ಕದ ಪ್ಲೇಟ್‌ಗೆ, ಅಂದರೆ ತೆಳು ಚಪ್ಪಟೆ ತುಂಡಿಗೆ. ಇವತ್ತು ಜೋಲುವ ರೆಕ್ಕೆ ನಾಳೆ ಸಾಕೆಟ್ ಇರುವ ಪ್ಲೇಟನ್ನೇ ಕಿತ್ತುಕೊಂಡು ಬೀಳುತ್ತದೆ. ಸಾಲದ್ದಕ್ಕೆ ಫೆವಿಕ್ವಿಕ್ ಒಣಗುವಾಗ ಏಳುವ ಆವಿ ಸುತ್ತಲಿನ ತುಂಡುಗಳ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಕಪ್ಪು, ಕಡುಗೆಂಪು ಮತ್ತು ಪಾರದರ್ಶಕ ತುಂಡುಗಳಲ್ಲಿ ಅದು ಎದ್ದು ಕಾಣುತ್ತದೆ.

ಫೋಟೋ ನೋಡಿದರೆ ನಿಮ್ಮ ರೆಕ್ಕೆ ಸುಮಾರು 30 ಸ್ಟಡ್ (ತುಂಡಿನ ಮೇಲಿನ ದುಂಡು ಉಬ್ಬು) ಉದ್ದ ಇದೆ. ಸ್ಟಡ್‌ಗೆ 8 ಮಿ.ಮೀ. ಲೆಕ್ಕ, ಅಂದರೆ 24 ಸೆಂ.ಮೀ. ಪೂರ್ತಿ ಪ್ಲೇಟ್‌ನಲ್ಲೇ ಕಟ್ಟಿದ್ದೀರಿ, 50 ಗ್ರಾಂ ಆದರೂ ಇರುತ್ತದೆ. ಭಾರದ ನಡುಬಿಂದು ಭುಜದಿಂದ 10 ಸೆಂ.ಮೀ. ದೂರ ಅಂದುಕೊಂಡರೂ ಭುಜದ ಮೇಲೆ ಹತ್ತಿರ ಹತ್ತಿರ 5 ನ್ಯೂಟನ್ ಸೆಂ.ಮೀ. ತಿರುಚು ಬಲ ಬೀಳುತ್ತದೆ. 2014ರಲ್ಲಿ ಲೆಗೋದ ಮಿಕ್ಸೆಲ್ಸ್ ಸರಣಿ ಜೊತೆ ಬಂದ ಆ ಪುಟ್ಟ ಬಾಲ್ ಅಂಗೈಯಗಲದ ಬೊಂಬೆಗಳಿಗೆ ಮಾಡಿದ್ದು. ಅದು ಬರೀ ತಿಕ್ಕಾಟದ ಮೇಲೆ ನಿಲ್ಲುತ್ತದೆ, ತಿರುಗಿಸಿದಷ್ಟೂ ಸಡಿಲ ಆಗುತ್ತದೆ. ಒಂದೇ ಸಾಲಿನಲ್ಲಿ ಎರಡು ಬಾಲ್ ಹಾಕಿದರೆ ಸ್ವಲ್ಪ ದಿನ ತಡೆಯುತ್ತೆ, ಅಷ್ಟೇ. 15 ಸ್ಟಡ್‌ಗಿಂತ ಚಿಕ್ಕ ರೆಕ್ಕೆ ಆಗಿದ್ದರೆ ಕ್ಲಿಕ್ ಹಿಂಜ್ ಸಾಕು ಅನ್ನುತ್ತಿದ್ದೆ. ಅದು 22.5 ಡಿಗ್ರಿಗೊಂದು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ, ಜಾರುವುದು ಕಡಿಮೆ. ನಿಮ್ಮ ಅಳತೆಗೆ ವರ್ಮ್ ಗೇರ್ ಬಿಟ್ಟು ಬೇರೇನೂ ಬೇಡ.

ವರ್ಮ್ ಗೇರ್ ಅಂದರೆ ಸ್ಕ್ರೂ ಆಕಾರದ ಗೇರ್. ಅದು ಪಕ್ಕದ ಗೇರನ್ನು ತಿರುಗಿಸುತ್ತದೆ, ಆದರೆ ಆ ಗೇರ್ ವಾಪಸ್ ವರ್ಮನ್ನು ತಿರುಗಿಸಲಾರದು. ಅಂದರೆ ರೆಕ್ಕೆ ಎಷ್ಟೇ ಕೆಳಗೆ ಎಳೆದರೂ ಜಾಗ ಬಿಡುವುದಿಲ್ಲ. ಎದೆಯ ನಡುವೆ ಒಂದು ವರ್ಮ್ ನೆಟ್ಟಗೆ ನಿಲ್ಲಿಸಿ. ಎಡಕ್ಕೊಂದು ಬಲಕ್ಕೊಂದು 24 ಹಲ್ಲಿನ ಗೇರ್. ಎರಡರ ಆಕ್ಸಲ್ (ಗೇರ್ ನಡುವೆ ತೂರಿಸುವ ಕಡ್ಡಿ) ಬೆನ್ನುಮೂಳೆಯ ಉದ್ದಕ್ಕೇ ಮಲಗಿರಬೇಕು. ವರ್ಮ್‌ನಿಂದ ಪ್ರತಿ ಗೇರ್‌ಗೆ 2 ಸ್ಟಡ್ ಅಂತರ, ಹಾಗಾಗಿ ಆಕ್ಸಲ್‌ಗಳ ನಡುವೆ 4 ಸ್ಟಡ್. ವರ್ಮ್‌ನ ಆಕ್ಸಲ್ ಬೆನ್ನಿನ ಮೇಲೆ ಹೊರಗೆ ಬರಲಿ, ತುದಿಗೆ ಒಂದು ಕೋನ್ ಹಾಕಿ. ಬೆನ್ನಿನ ಮುಳ್ಳುಗಳ ಸಾಲಿನಲ್ಲಿ ಅದೂ ಒಂದು ಮುಳ್ಳಾಗಿ ಸೇರಿಹೋಗುತ್ತದೆ. ಅದನ್ನು ತಿರುಗಿಸಿದರೆ ಎರಡೂ ರೆಕ್ಕೆ ಒಟ್ಟಿಗೆ ಏಳುತ್ತವೆ. ಒಂದು ಪೂರ್ತಿ ಸುತ್ತಿಗೆ 15 ಡಿಗ್ರಿ.

ಈಗ ಎಲ್ಲರೂ ಎಡವುವ ಜಾಗ. ಎರಡೂ ರೆಕ್ಕೆ ಕೆಳಗೆ ಜಗ್ಗಿದಾಗ ಗೇರ್‌ಗಳ ಒಳಗಿನ ಹಲ್ಲುಗಳು ಮೇಲಕ್ಕೆ ತಳ್ಳುತ್ತವೆ. ಅಂದರೆ ಎರಡು ರೆಕ್ಕೆಗಳ ಬಲವೂ ಸೇರಿ ವರ್ಮನ್ನು ಮೇಲಕ್ಕೆ ನೂಕುತ್ತದೆ. ವರ್ಮ್ ಆಕ್ಸಲ್ ಮೇಲೆ ಸಲೀಸಾಗಿ ಜಾರುವ ತುಂಡು. ಮೇಲೆ ಬುಷ್ (ಆಕ್ಸಲ್ ಮೇಲೆ ಬಿಗಿಯಾಗಿ ಕೂರುವ ಪುಟ್ಟ ಬಳೆ) ಹಾಕಿ, ಅದರ ಮೇಲೆ ಅಡ್ಡಡ್ಡ ಲಿಫ್ಟ್‌ಆರ್ಮ್ (ತೂತುಗಳಿರುವ ಪಟ್ಟಿ) ಕೂರಿಸಿ, ಎರಡೂ ಕಡೆ ಪಿನ್ ಹಾಕಿ ಬಿಗಿ ಮಾಡಿ. ಬುಷ್ ಇಲ್ಲದಿದ್ದರೆ ವರ್ಮ್ ಅರ್ಧ ಸ್ಟಡ್ ಮೇಲೇರುತ್ತದೆ, ರೆಕ್ಕೆ ಅಷ್ಟು ಇಳಿಯುತ್ತದೆ. ಆಮೇಲೆ "ವರ್ಮ್ ಗೇರ್ ಕೂಡ ನಿಲ್ಲಲ್ಲ" ಅಂತ ಇಲ್ಲೇ ಬಂದು ಬರೆಯುತ್ತಾರೆ!

ಗೇರ್‌ನ ಆಕ್ಸಲ್‌ಗೆ ಮುಂದೆ ಹಿಂದೆ ಎರಡೂ ಕಡೆ ಆಸರೆ ಇರಲಿ. ರೆಕ್ಕೆಯ ಬುಡವನ್ನು ಆಕ್ಸಲ್‌ನ ಎರಡೂ ತುದಿಯಲ್ಲಿ ಹಿಡಿಯಿರಿ. ಒಂದೇ ತುದಿಯಲ್ಲಿ ಹಿಡಿದರೆ ಆಕ್ಸಲ್ ತಿರುಚಿಕೊಳ್ಳುತ್ತದೆ. ಗೇರ್‌ನಲ್ಲಿ ಸ್ವಲ್ಪ ಆಟ ಇದ್ದೇ ಇರುತ್ತದೆ. 24 ಸೆಂ.ಮೀ. ತುದಿಯಲ್ಲಿ ಒಂದು ಡಿಗ್ರಿ ಆಟ ಅಂದರೆ 4 ಮಿ.ಮೀ. ಗಾಬರಿ ಬೇಡ, ರೆಕ್ಕೆಯ ಸ್ವಂತ ಭಾರವೇ ಹಲ್ಲನ್ನು ಒಂದು ಕಡೆಗೆ ಒತ್ತಿ ಹಿಡಿಯುತ್ತದೆ. ಅದಕ್ಕೆ ರಬ್ಬರ್ ಬ್ಯಾಂಡ್ ಕಟ್ಟಬೇಡಿ, ಕಾಲ ಕಳೆದಂತೆ ಅದು ಒಣಗಿ ಹರಿಯುತ್ತದೆ.

ಎರಡು ಎಚ್ಚರಿಕೆ. ಎದೆ 8 ಸ್ಟಡ್ ಅಗಲ ಇಲ್ಲದಿದ್ದರೆ ಇದು ಕೂರುವುದಿಲ್ಲ. ನಿಮ್ಮದು 6 ಕಾಣುತ್ತಿದೆ, ಹಾಗಾಗಿ ಎದೆ ಬಿಚ್ಚಲೇಬೇಕು. ಎರಡನೆಯದು, ಮನೆಯಲ್ಲಿ ಮಕ್ಕಳಿದ್ದರೆ ಅವರು ರೆಕ್ಕೆ ಹಿಡಿದೇ ಎತ್ತುತ್ತಾರೆ. ಜಾರುವ ಜಾಯಿಂಟ್ ಅಲ್ಲವಲ್ಲ, ಏನಾದರೂ ಒಂದು ಮುರಿಯುತ್ತದೆ. ಅದಕ್ಕೆ ಕ್ಲಚ್ ಇರುವ, ಅಂದರೆ ಬಲ ಮಿತಿ ಮೀರಿದರೆ ಜಾರುವ 24 ಹಲ್ಲಿನ ಗೇರ್ ಹಾಕಿ ಅಂತ ಯಾರಾದರೂ ಹೇಳಬಹುದು. ಅದರ ಮೇಲೇ 2.5·5 ನ್ಯೂಟನ್ ಸೆಂ.ಮೀ. ಅಂತ ಅಚ್ಚಾಗಿದೆ ನೋಡಿ, ಅಂದರೆ 2.5ರಿಂದ 5ರೊಳಗೆ ಅದು ಜಾರುತ್ತದೆ. ನಿಮ್ಮ ರೆಕ್ಕೆಯ ಲೆಕ್ಕ ಆಗಲೇ 5ರ ಹತ್ತಿರ ಬಂತು. ರೆಕ್ಕೆ ಹಗುರ ಮಾಡದೆ ಕ್ಲಚ್ ಹಾಕಿದರೆ ಮತ್ತೆ ಜೋಲುತ್ತದೆ.

ಹಗುರ ಮಾಡುವುದು ಹೇಗೆ? ಪ್ಲೇಟ್ ತೆಗೆದುಹಾಕಿ, ರೆಕ್ಕೆಯ ಬೆರಳುಗಳಿಗೆ ಬಾರ್ (ತೆಳು ಕಡ್ಡಿ) ಮತ್ತು ಅದನ್ನು ಕಚ್ಚಿ ಹಿಡಿಯುವ ಕ್ಲಿಪ್ ಬಳಸಿ, ನಡುವೆ ಬಟ್ಟೆ ಹಾಕಿ. ಹರಿದ ಕೊಡೆಯ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು. ತೆಳು, ಮಡಚಿದರೆ ಗೆರೆ ಬೀಳದು, ಮನೆಯಲ್ಲೇ ಸಿಗುತ್ತದೆ. ಕತ್ತರಿಸಿದ ಅಂಚನ್ನು ಮೇಣದಬತ್ತಿಯ ಹತ್ತಿರ ಹಿಡಿದು ಸರಕ್ಕನೆ ಎಳೆಯಿರಿ. ನೂಲು ಕರಗಿ ಅಂಟಿಕೊಳ್ಳುತ್ತದೆ, ಎಳೆ ಬಿಡುವುದಿಲ್ಲ. ಕಾದ ಮೊಳೆಯಿಂದ 3 ಮಿ.ಮೀ. ತೂತು ಮಾಡಿದರೆ ಬಾರ್ ಬಿಗಿಯಾಗಿ ತೂರುತ್ತದೆ. ಕಿಟಕಿ ತೆಗೆದಿಟ್ಟು ಮಾಡಿ, ಹೊಗೆ ಒಳ್ಳೆಯದಲ್ಲ. "ಬಟ್ಟೆ ಹಾಕಿದರೆ ಅಸಲಿ ಬಿಲ್ಡ್ ಅಲ್ಲ" ಅನ್ನುವವರ ಮಾತು ಕೇಳಬೇಡಿ. ಲೆಗೋದವರ ಸೆಟ್‌ಗಳಲ್ಲೇ ಹಡಗಿನ ಹಾಯಿ, ಟೋಪಿಧಾರಿ ಮಾಂತ್ರಿಕನ ಮೇಲಂಗಿ ಎಲ್ಲ ಬಟ್ಟೆಯೇ ಅಲ್ವಾ? 1993ರ ಲೆಗೋ ಸರಣಿ ಡ್ರ್ಯಾಗನ್ ಮಾಸ್ಟರ್ಸ್‌ನ ಹಸಿರು ಡ್ರ್ಯಾಗನ್‌ಗೆ ಈ ತಲೆನೋವು ಇರಲಿಲ್ಲ. ಅದರ ರೆಕ್ಕೆ ಒಂದೇ ಅಚ್ಚಿನ ಚಿಕ್ಕ ತುಂಡು.

ಬೆರಳುಗಳ ಆಕಾರಕ್ಕೆ ಬಾವಲಿ ನೋಡಿ. ಹೆಬ್ಬೆರಳು ಚಿಕ್ಕ ಕೊಕ್ಕೆ, ಉಳಿದ ನಾಲ್ಕು ಬೆರಳು ಉದ್ದ, ಎಲ್ಲವೂ ಮಣಿಕಟ್ಟಿನಿಂದಲೇ ಹೊರಡುತ್ತವೆ. ನೀವು ಎಲ್ಲ ಕಡ್ಡಿಗಳನ್ನೂ ಭುಜದಿಂದ ಹೊರಡಿಸಿದ್ದೀರಿ, ಅದಕ್ಕೇ ಬೀಸಣಿಗೆ ಥರ ಕಾಣುತ್ತಿದೆ. ಹಾರುವ ಭಂಗಿ ಬೇಕಿದ್ದರೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಮೇಲೆ ಸುತ್ತುವ ಹದ್ದುಗಳನ್ನು ನೋಡುತ್ತಾ ನಿಲ್ಲಿ. ತಿರುವಿನಲ್ಲಿ ಬಾಲ ಹೇಗೆ ವಾಲುತ್ತದೆ ಅನ್ನುವುದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಅಲ್ಲಿಗೆ ಹೋದಾಗ ಪಕ್ಕದ ಕೋಟೆಯನ್ನೂ ನೋಡಿ ಬನ್ನಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಿಂದ ಕಲ್ಲಿನಲ್ಲಿ ಕಟ್ಟಿಸಿದ. ಯುರೋಪಿನ ಕೋಟೆಯ ವಿನ್ಯಾಸ ಬೇರೆ, ಅದು ಇಲ್ಲಿ ಸಿಗದು. ಆದರೆ ಹಳೇ ಕಲ್ಲಿನ ಗೋಡೆಯ ಬಣ್ಣ ಕಲಿಯಲು ಅದಕ್ಕಿಂತ ಹತ್ತಿರದ ಜಾಗ ಇಲ್ಲ. ನಿಮ್ಮ ಗೋಡೆ ಪೂರ್ತಿ ಒಂದೇ ಬೂದು, ಪ್ರತಿ ಸಾಲಿನಲ್ಲೂ ಇಟ್ಟಿಗೆ ಗೆರೆಯ ಮೇಸನ್ರಿ ತುಂಡು. ಬೇಡ. ಸುಮಾರು ಮುಕ್ಕಾಲು ಪಾಲು ಮಾಮೂಲಿ ಬ್ರಿಕ್, ಅಲ್ಲಲ್ಲಿ ಮೇಸನ್ರಿ, ಕೆಲವು ಕಡೆ ಟೈಲ್ (ಉಬ್ಬಿಲ್ಲದ ನುಣುಪು ತುಂಡು) ಹೊರಕ್ಕೆ ಚಾಚಲಿ. ಬುಡದಲ್ಲಿ ಕಡು ಬೂದು ಮತ್ತು ಆಲಿವ್ ಹಸಿರು, ಮಳೆ ನೀರು ಇಳಿಯುವ ಕಡೆ ಡಾರ್ಕ್ ಟ್ಯಾನ್. ಹಳೇ ಬೂದು ಮತ್ತು 2004ರ ಆಸುಪಾಸಿನಲ್ಲಿ ಬಂದ ನೀಲಿ ಛಾಯೆಯ ಬೂದು ಬೇರೆ ಬೇರೆ. ಅರಮನೆಗೆ ಬೆರೆಸಿದರೆ ಕೊಳಕಾಗಿ ಕಾಣುತ್ತೆ, ಪಾಳು ಕೋಟೆಗೆ ಅದೇ ಚೆಂದ. ಇನ್ನೊಂದು, ಬಾಗಿಲು ತುಂಬಾ ಗಿಡ್ಡ. ಮಿನಿಫಿಗ್ (ಲೆಗೋದ ಪುಟ್ಟ ಮನುಷ್ಯ) ಹತ್ತಿರ ಹತ್ತಿರ 4 ಬ್ರಿಕ್ ಎತ್ತರ, ಕುದುರೆ ಮೇಲೆ ಕೂತರೆ ಇನ್ನೂ ಮೇಲೆ ಹೋಗುತ್ತಾನೆ. ನಿಮ್ಮ ಸವಾರ ತಲೆ ಕಳಚಿಟ್ಟು ಒಳಗೆ ಹೋಗಬೇಕು!

ಡ್ರ್ಯಾಗನ್ ಮುಂದಕ್ಕೆ ಮುಗ್ಗರಿಸುತ್ತೆ ಅಂತಲೂ ಬರೆದಿದ್ದಿರಿ. ತಲೆಯಿಂದ ಶುರು ಮಾಡಿದವರ ಎಲ್ಲರ ಡ್ರ್ಯಾಗನ್ನೂ ಮುಗ್ಗರಿಸುತ್ತದೆ. ಮೊದಲು ಟೆಕ್ನಿಕ್ (ಲೆಗೋದ ಗೇರ್, ಆಕ್ಸಲ್ ಇರುವ ಸರಣಿ) ತುಂಡುಗಳ ಬೆನ್ನುಮೂಳೆ, ಭುಜ, ಹಿಂಗಾಲು. ಅದು ತಾನಾಗಿ ನಿಂತ ಮೇಲೆ ತಲೆ, ಕೊನೆಗೆ ಚರ್ಮ. ಈಗಿರುವುದಕ್ಕೆ ಬಾಲದ ಬುಡಕ್ಕಿಂತ ತುದಿಯ ಕಡೆ ಘನ ಬ್ರಿಕ್ ತುಂಬಿ, ದೂರ ಇದ್ದಷ್ಟೂ ಕಡಿಮೆ ಭಾರ ಸಾಕು. ಕುತ್ತಿಗೆಯ ಬುಡದಲ್ಲಿ ಕ್ಲಿಕ್ ಹಿಂಜ್ ಇರಲಿ. ಮಿಕ್ಸೆಲ್ ಜಾಯಿಂಟ್ ತಲೆಗೆ ಮತ್ತು ದವಡೆಗೆ ಮಾತ್ರ.

ಬ್ರ್ಯಾಂಡ್ ಬಗ್ಗೆ ಜಗಳ ನಡೆಯುತ್ತಿದೆ, ನನ್ನ ಅಭಿಪ್ರಾಯ ಹೇಳುತ್ತೇನೆ. ಗೋಡೆ, ಬಂಡೆ, ನೆಲಕ್ಕೆ ಗೋಬ್ರಿಕ್ಸ್ (ಲೆಗೋಗೆ ಹೊಂದುವ ಚೀನಾ ಬ್ರ್ಯಾಂಡ್) ಧಾರಾಳವಾಗಿ ಸಾಕು. ಗೇರ್, ಆಕ್ಸಲ್, ಕ್ಲಿಪ್, ಹಿಂಜ್ ಮಾತ್ರ ಲೆಗೋದ್ದೇ ತೆಗೆದುಕೊಳ್ಳಿ. ಹೆಸರಿಲ್ಲದ ಬಿಡಿ ಚೀಲದ ತುಂಡನ್ನು ಭುಜದ ಒಳಗೆ ಇಡಲೇಬೇಡಿ. ಲೆಗೋದಲ್ಲೂ ಸುಮಾರು ಹತ್ತು ವರ್ಷಕ್ಕಿಂತ ಹಳೆಯ ಕಂದು ಮತ್ತು ಕಡುಗೆಂಪು ಕ್ಲಿಪ್‌ಗಳು ಪಟಕ್ಕನೆ ಸೀಳುತ್ತವೆ. ಅವನ್ನು ಭಾರ ಬೀಳದ ಜಾಗಕ್ಕೆ ಹಾಕಿ.

ಫೋಟೋದಲ್ಲಿ ಹಿಂದೆ ಬಾಲ್ಕನಿ ಬಿಸಿಲು ಕಾಣುತ್ತಿದೆ. ಮಾಡೆಲ್ ಅಲ್ಲಿಂದ ಇವತ್ತೇ ತೆಗೆಯಿರಿ, ಬಿಳಿ ಮತ್ತು ಬೂದು ಹಳದಿಗೆ ತಿರುಗುತ್ತವೆ. ಹೇಗೂ ಎದೆ ಬಿಚ್ಚುತ್ತೀರಲ್ಲ, ತುಂಡುಗಳನ್ನು ತೊಳೆದುಬಿಡಿ. 40 ಡಿಗ್ರಿಗಿಂತ ಬಿಸಿ ನೀರು ಬೇಡ, ವಾಷಿಂಗ್ ಮೆಷೀನ್ ಬೇಡ. ಬೋರ್‌ವೆಲ್ ನೀರಾದರೆ ಕೊನೆಯಲ್ಲಿ ಒಮ್ಮೆ ಫಿಲ್ಟರ್ ನೀರಿನಲ್ಲಿ ಅದ್ದಿ, ಇಲ್ಲಾಂದ್ರೆ ಕಪ್ಪು ತುಂಡಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಒಣಗಿಸುವುದು ನೆರಳಲ್ಲಿ, ಫ್ಯಾನ್ ಕೆಳಗೆ.

ಪ್ರದರ್ಶನಕ್ಕೆ ಒಯ್ಯುವ ಯೋಚನೆ ಇದ್ದರೆ ಭುಜ ಕಟ್ಟುವಾಗಲೇ ರೆಕ್ಕೆ ಪಿನ್ ಎಳೆದರೆ ಬಿಚ್ಚಿಬರುವ ಹಾಗೆ ಮಾಡಿ. ನಮ್ಮ ರಸ್ತೆಯ ಹಂಪ್‌ಗಳಿಗೆ 24 ಸೆಂ.ಮೀ. ರೆಕ್ಕೆ ಹೊತ್ತ ಯಾವ ಡ್ರ್ಯಾಗನ್ನೂ ತಡೆಯದು. ವರ್ಮ್ ಒಂದು, 24 ಹಲ್ಲಿನ ಗೇರ್ ಎರಡು, ಬುಷ್ ಒಂದು ಹಿಡಿ ಬೇಕು. ಬಿಡಿಯಾಗಿ ಹೊರದೇಶದಿಂದ ತರಿಸಿದರೆ ಅಂಚೆ, ಸುಂಕ ಸೇರಿ ದುಬಾರಿ ಬೀಳುತ್ತೆ. ಈ ಗುಂಪಿನಲ್ಲೇ ಹಳೇ ಟೆಕ್ನಿಕ್ ಸೆಟ್ ಮಾರುವವರನ್ನು ಮೊದಲು ಕೇಳಿ.