ಸೈಟು ಮಾರುವ ಅವಸರ ಬೇಡ ಮೇಷ್ಟ್ರೇ

ತಿಪಟೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಿಷಯ ಇಷ್ಟು. ಅವರ ಮಗಳ ಮಗಳು ಹುಟ್ಟಿ ಬೆಳೆದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಡಿಗ್ರಿ ಮುಗಿಸಿ ಈಗ ಡಾಕ್ಟರಾಗಲು ಹೊರಟಿದ್ದಾಳೆ. ಹೋದ ಜೂನ್‌ನಲ್ಲಿ 18 ಕಾಲೇಜುಗಳಿಗೆ ಅರ್ಜಿ ಹಾಕಿದಳು. ಅವರ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಫೀಸು, ಬಾಡಿಗೆ, ಊಟ ಎಲ್ಲ ಸೇರಿ ವರ್ಷಕ್ಕೆ 70 ಸಾವಿರ ಡಾಲರ್. ನ್ಯೂಯಾರ್ಕ್ ನಗರದ ಇನ್ನೊಂದು ಕಾಲೇಜಿನಲ್ಲಿ ಯಾರಿಗೂ ಫೀಸೇ ಇಲ್ಲ. ಆದರೆ ಅಲ್ಲಿ ಅವಳು ವೇಯ್ಟಿಂಗ್ ಲಿಸ್ಟಿನಲ್ಲಿದ್ದಾಳೆ. ಮೇಷ್ಟ್ರಿಗೆ ತುಮಕೂರಿನಲ್ಲಿ ಒಂದು 30-40 ಸೈಟಿದೆ. ಅಕ್ಷಯ ತೃತೀಯದೊಳಗೆ ಅಗ್ರಿಮೆಂಟ್ ಮಾಡಿಕೊಡಿ ಎಂದು ಬ್ರೋಕರ್ ದುಂಬಾಲು ಬಿದ್ದಿದ್ದಾನೆ. ಮಾರಲಾ, ಬೇಡವಾ? ಇಷ್ಟು ಚೆನ್ನಾಗಿ ಓದಿದ ಹುಡುಗಿ ಯಾಕೆ ಹತ್ತು ತಿಂಗಳು ಕಾಯಬೇಕು? ಆ ಫ್ರೀ ಸೀಟು ನಿಜವಾ, ಅದರ ಹಿಂದೆ ಏನಾದರೂ ಇದೆಯಾ? ಕೊನೆಯಲ್ಲಿ ಅವರ ಮನೆಯವರದೂ ಒಂದು ಪ್ರಶ್ನೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, ನಮಸ್ಕಾರ.

ಮೊದಲು ಕಾಯುವ ವಿಷಯ. ನಮ್ಮಲ್ಲಿ ನೀಟ್ ಬರೆದರೆ ಒಂದು ರ‍್ಯಾಂಕ್ ಬರುತ್ತದೆ. ಆ ರ‍್ಯಾಂಕಿಗೆ ಯಾವ ಸೀಟು ಎಂದು ಕೆಇಎ ಲಿಸ್ಟ್ ಹೇಳುತ್ತದೆ. ಬೇಜಾರಾದರೂ ಲೆಕ್ಕ ಅರ್ಥವಾಗುತ್ತದೆ. ಅಲ್ಲಿ ಆ ಲಿಸ್ಟೇ ಇಲ್ಲ. ನಾಲ್ಕು ವರ್ಷದ ಡಿಗ್ರಿ ಆದಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ ಬರೆಯುತ್ತಾರೆ, ಪೂರ್ತಿ ಅಂಕ 528. ಅದು ಒಂದು ಭಾಗ ಅಷ್ಟೇ. ಡಿಗ್ರಿಯ ಅಂಕ, ಆಸ್ಪತ್ರೆಯಲ್ಲಿ ಎಷ್ಟು ಗಂಟೆ ಸೇವೆ ಮಾಡಿದಳು, ಲ್ಯಾಬಿನಲ್ಲಿ ಏನು ಕೆಲಸ ಮಾಡಿದಳು, ಪ್ರೊಫೆಸರ್‌ಗಳು ಏನು ಬರೆದುಕೊಟ್ಟರು, ತನ್ನ ಬಗ್ಗೆ ತಾನೇ ಏನು ಬರೆದಳು, ಆಮೇಲೆ ಇಂಟರ್‌ವ್ಯೂ. ಇಷ್ಟನ್ನೂ ಪ್ರತಿ ಕಾಲೇಜಿನ ಸಮಿತಿ ಬೇರೆ ಬೇರೆಯಾಗಿ ಕೂತು ನೋಡುತ್ತದೆ. ವರ್ಷಕ್ಕೆ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕಿದರೆ 23 ಸಾವಿರ ಮಂದಿ ಒಳಗೆ ಹೋಗುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಒಂದೂ ಸೀಟಿಲ್ಲ. ನಿಮ್ಮ ಮೊಮ್ಮಗಳ ಕೈಯಲ್ಲಿ ಒಂದಿದೆ. ನಿಮ್ಮ ನಾಲ್ಕು ಪುಟದಲ್ಲಿ ಆ ಸಂಗತಿಗೆ ಸಿಕ್ಕಿದ್ದು ಒಂದೇ ಸಾಲು ಮೇಷ್ಟ್ರೇ. ನಿಮ್ಮ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದಿದ್ದರೆ ನೀವೇ ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದಿರಿ.

ಆ ಊರಿನ ಪಂಚಾಂಗವೂ ಬೇರೆ. ಸೀಟು ಕೊಟ್ಟಿದ್ದೇವೆ ಎಂಬ ಪತ್ರ ಅಕ್ಟೋಬರ್ 15ರಿಂದ ಶುರುವಾಗುತ್ತದೆ. ಮಾರ್ಚ್ 15ರ ಹೊತ್ತಿಗೆ ಪ್ರತಿ ಕಾಲೇಜೂ ತನ್ನ ಸೀಟುಗಳ ಸಂಖ್ಯೆಯಷ್ಟಾದರೂ ಪತ್ರ ಕಳಿಸಿರಬೇಕು. ನಿಜವಾದ ಆಟ ಶುರುವಾಗುವುದು ಅದಾದ ಮೇಲೆ. ಚೆನ್ನಾಗಿರುವ ಹುಡುಗನೊಬ್ಬ ನಾಲ್ಕೈದು ಸೀಟು ಹಿಡಿದುಕೊಂಡು ಕೂತಿರುತ್ತಾನೆ. ಒಂದೇ ಮುಹೂರ್ತಕ್ಕೆ ನಾಲ್ಕು ಛತ್ರಕ್ಕೆ ಅಡ್ವಾನ್ಸ್ ಕೊಟ್ಟವರ ಹಾಗೆ. ಏಪ್ರಿಲ್ 30ರೊಳಗೆ ಒಂದನ್ನು ಇಟ್ಟುಕೊಂಡು ಉಳಿದದ್ದು ಬಿಡಬೇಕು. ಬಿಟ್ಟ ಸೀಟು ಖಾಲಿಯಾದಾಗ ವೇಯ್ಟಿಂಗ್ ಲಿಸ್ಟ್ ಸರಿಯುತ್ತದೆ. ಮೇ ತಿಂಗಳಲ್ಲಿ ಜಾಸ್ತಿ, ಜೂನ್‌ನಲ್ಲಿ ಸ್ವಲ್ಪ, ಒಮ್ಮೊಮ್ಮೆ ಜುಲೈನಲ್ಲೂ. ರೈಲಿನ ಹಾಗೆ ನಿಮ್ಮ ನಂಬರ್ 14 ಅಂತ ಎಷ್ಟೋ ಕಾಲೇಜು ಹೇಳುವುದೇ ಇಲ್ಲ. ಹಾಗಾಗಿ ಅಳಿಯಂದಿರನ್ನು ಚಾನ್ಸ್ ಎಷ್ಟಿದೆ ಎಂದು ಕೇಳಿದರೆ ಅವರಾದರೂ ಏನು ಹೇಳಿಯಾರು? ಕೈಲಿರುವ ಸೀಟು ಇಟ್ಟುಕೊಂಡೇ ಇನ್ನೊಂದರ ವೇಯ್ಟಿಂಗ್ ಲಿಸ್ಟಿನಲ್ಲಿ ಇರಬಹುದು, ಅದಕ್ಕೆ ಅಡ್ಡಿಯಿಲ್ಲ. ಇಷ್ಟು ತಿಳಿದರೆ ಸಾಕು. ನಿಮ್ಮ ಬ್ರೋಕರ್ ಹೇಳುವ ಅಕ್ಷಯ ತೃತೀಯ ಬರುವುದು ಏಪ್ರಿಲ್ 19ಕ್ಕೆ. ಅಂದರೆ ಅಲ್ಲಿ ಏನೂ ಇತ್ಯರ್ಥವಾಗುವ ಮೊದಲೇ.

ಇನ್ನು ಫ್ರೀ ಸೀಟು. ನೀವು ಕಾಲೇಜಿನ ಹೆಸರು ಬರೆದಿಲ್ಲ. ಆದರೆ ನ್ಯೂಯಾರ್ಕ್ ನಗರದಲ್ಲಿ ಎಲ್ಲರಿಗೂ ಫೀಸು ಮಾಫಿ ಎಂದಮೇಲೆ ಎರಡರಲ್ಲಿ ಒಂದು. ಎರಡೂ ನಿಜ, ಮೋಸವಲ್ಲ.

ಒಂದು ಆಲ್ಬರ್ಟ್ ಐನ್‌ಸ್ಟೈನ್ ಮೆಡಿಕಲ್ ಕಾಲೇಜು. ನಗರದ ಬಡವರು ಹೆಚ್ಚಾಗಿರುವ ಬ್ರಾಂಕ್ಸ್ ಭಾಗದಲ್ಲಿದೆ. 2024ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳನ್ನೆಲ್ಲ ಸಭಾಂಗಣಕ್ಕೆ ಕರೆದರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ವೇದಿಕೆಗೆ ಬಂದವರು 93 ವರ್ಷದ ರೂತ್ ಗಾಟ್ಸ್‌ಮನ್. ಅದೇ ಕಾಲೇಜಿನಲ್ಲಿ ಪಾಠ ಮಾಡಿದವರು, 1968ರಲ್ಲಿ ಸೇರಿದವರು. ಆಗಸ್ಟ್‌ನಿಂದ ಈ ಕಾಲೇಜಿಗೆ ಫೀಸಿಲ್ಲ ಎಂದರು. ಒಂದು ಕ್ಷಣ ಮೌನ, ಆಮೇಲೆ ಆ ಹುಡುಗರು ಕೂಗಿದ್ದು, ಎದ್ದು ಕುಣಿದದ್ದು, ಮುಖ ಮುಚ್ಚಿ ಅತ್ತದ್ದು. ಆ ವಿಡಿಯೋ ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಕನ್ನಡಕ ತೆಗೆಯಬೇಕಾಯಿತು. ಆಕೆ ಕೊಟ್ಟದ್ದು ನೂರು ಕೋಟಿ ಡಾಲರ್. ವಾರೆನ್ ಬಫೆಟ್ ಎಂಬ ದೊಡ್ಡ ಹೂಡಿಕೆದಾರರ ಕಂಪನಿಯಲ್ಲಿ ಆಕೆಯ ಗಂಡ ಬಹಳ ಹಿಂದೆಯೇ ಹಣ ಹಾಕಿದ್ದರು. ತೀರಿಕೊಂಡಾಗ ಷೇರುಗಳನ್ನು ಹೆಂಡತಿಗೆ ಬಿಟ್ಟು, ನಿನಗೆ ಸರಿ ಕಂಡಂತೆ ಮಾಡು ಎಂದಿದ್ದರಂತೆ. ಕಾಲೇಜಿಗೆ ನನ್ನ ಹೆಸರಿಡಬೇಡಿ ಎಂಬ ಷರತ್ತು ಬೇರೆ. ಬೀದಿ ಕಲ್ಲುಬೆಂಚಿನ ಮೇಲೂ ದಾನಿಗಳ ಹೆಸರು ಕೆತ್ತುವ ನಮ್ಮ ಊರಿನವರಿಗೆ ಇದು ಸುಲಭಕ್ಕೆ ಅರ್ಥವಾಗುವ ವಿಷಯವಲ್ಲ.

ಇನ್ನೊಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು. 2018ರಿಂದಲೇ ಫೀಸಿಲ್ಲ. ಆಗ ಅಲ್ಲಿನ ಫೀಸು ವರ್ಷಕ್ಕೆ 55 ಸಾವಿರ ಡಾಲರ್ ಇತ್ತು. ಮಕ್ಕಳು ಸಾಲದ ಹೊರೆಯಿಲ್ಲದೆ ಓದಿದರೆ ದುಡ್ಡು ಜಾಸ್ತಿ ಬರುವ ವಿಭಾಗಗಳ ಹಿಂದೆ ಹೋಗದೆ ಮಕ್ಕಳ ಡಾಕ್ಟರು, ಫ್ಯಾಮಿಲಿ ಡಾಕ್ಟರು ಆಗಬಹುದು ಎಂಬ ಆಸೆಯೂ ಇದರ ಹಿಂದೆ ಇತ್ತು. ಅದು ಅಂದುಕೊಂಡಂತೆ ಆಗಿಲ್ಲ, ಬಡವರ ಮಕ್ಕಳೂ ನಿರೀಕ್ಷಿಸಿದಷ್ಟು ಬಂದಿಲ್ಲ ಎಂದು ಟೀಕಿಸುವವರಿದ್ದಾರೆ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಫ್ರೀ ಎಂದ ಕೂಡಲೇ ಅರ್ಜಿಗಳು ಏರಿದವು, ಸೀಟು ನೂರರ ಆಸುಪಾಸಿನಲ್ಲೇ ಇತ್ತು. ನುಗ್ಗಲು ಬಾಗಿಲು ಇನ್ನೂ ಕಿರಿದಾಯಿತು. ಕೋಚಿಂಗ್, ಲ್ಯಾಬು, ಪರಿಚಯ ಎಲ್ಲ ಇದ್ದವರು ಅಲ್ಲೂ ಮುಂದೆ ನಿಂತರು.

ಅಳಿಯಂದಿರು ಇನ್ನೊಂದೆರಡು ಹೆಸರು ಹೇಳಬಹುದು. ಅಲ್ಲೆಲ್ಲ 'ಫ್ರೀ' ಅನ್ನುವ ಪದದ ಪಕ್ಕ ಒಂದು ಸಣ್ಣ ಚುಕ್ಕಿ ಇರುತ್ತದೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ 2024ರಲ್ಲಿ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ನೂರು ಕೋಟಿ ಡಾಲರ್ ಕೊಟ್ಟರು. ಅಲ್ಲಿ ಮನೆಯ ಆದಾಯ ವರ್ಷಕ್ಕೆ 3 ಲಕ್ಷ ಡಾಲರಿಗಿಂತ ಕಡಿಮೆ ಇದ್ದರೆ ಮಾತ್ರ ಫೀಸಿಲ್ಲ. 1.75 ಲಕ್ಷದವರೆಗಿದ್ದರೆ ಊಟ ವಸತಿಯೂ ಅವರದೇ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿರುವ ನ್ಯೂಜೆರ್ಸಿಯ ಎಷ್ಟೋ ಕನ್ನಡದ ಮನೆಗಳು ಈ ಗೆರೆಯ ಆಚೆಗೋ ಈಚೆಗೋ ಕೂದಲೆಳೆಯಲ್ಲಿ ನಿಲ್ಲುತ್ತವೆ. ಕ್ಯಾಲಿಫೋರ್ನಿಯದ ಕೈಸರ್ ಪರ್ಮನೆಂಟೆ ಕಾಲೇಜು 2020ರಲ್ಲಿ ಶುರುವಾಗಿ ಮೊದಲ ಐದು ಬ್ಯಾಚಿಗೆ ಫೀಸು ಬಿಟ್ಟಿತು, ಆ ಐದು ಮುಗಿದವು. ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್ ಮನೆತನದ ಆಲಿಸ್ ವಾಲ್ಟನ್ ಅವರ ಮೆಡಿಕಲ್ ಕಾಲೇಜು 2025ರಲ್ಲಿ 48 ಮಕ್ಕಳೊಂದಿಗೆ ತೆರೆಯಿತು. ಅಲ್ಲೂ ಮೊದಲ ಐದು ಬ್ಯಾಚಿಗೆ ಮಾತ್ರ. ಬೆಥೆಸ್ಡಾದ ಮಿಲಿಟರಿ ಮೆಡಿಕಲ್ ಕಾಲೇಜಿನಲ್ಲಂತೂ ಫೀಸಿಲ್ಲದ್ದಷ್ಟೇ ಅಲ್ಲ, ಓದುವಾಗಲೇ ಸಂಬಳ. ಆದರೆ ಆಮೇಲೆ 7 ವರ್ಷ ಸೇನೆಯಲ್ಲಿ ಇರಬೇಕು. ನಮ್ಮ ಪುಣೆಯ ಎಎಫ್‌ಎಂಸಿ ಬಾಂಡಿನ ಹಾಗೆ. ನಿಮ್ಮ ಮೊಮ್ಮಗಳು ಕಾಯುತ್ತಿರುವ ಕಡೆ ಬಾಂಡಿಲ್ಲ, ಆದಾಯದ ಗೆರೆಯಿಲ್ಲ. ಅದಕ್ಕೇ ಅಷ್ಟೊಂದು ನೂಕುನುಗ್ಗಲು.

ಈಗ ದುಡ್ಡಿನ ಲೆಕ್ಕ. ನೀವು ಗಣಿತದ ಮೇಷ್ಟ್ರು, ನನ್ನ ತಪ್ಪು ಹಿಡಿಯಿರಿ.

ಕೈಲಿರುವ ಸೀಟಿಗೆ ನಾಲ್ಕು ವರ್ಷಕ್ಕೆ 2.8 ಲಕ್ಷ ಡಾಲರ್. ಅಮೆರಿಕದ ಸರ್ಕಾರ ಮೊದಲು ಪೂರ್ತಿ ಖರ್ಚಿಗೂ ಸಾಲ ಕೊಡುತ್ತಿತ್ತು. 2025ರ ಜುಲೈನಲ್ಲಿ ಆದ ಕಾನೂನು ಅದನ್ನು ಕತ್ತರಿಸಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವ ಮೆಡಿಕಲ್ ವಿದ್ಯಾರ್ಥಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ನಿಮ್ಮ ಮೊಮ್ಮಗಳದು ಮೊದಲ ಬ್ಯಾಚು. ಅಳಿಯಂದಿರ ಧ್ವನಿ ಯಾಕೋ ಸಪ್ಪೆಯಾಗಿತ್ತು ಎಂದು ಬರೆದಿದ್ದೀರಿ. ಕಾರಣ ಇದೇ ಇರಬಹುದು. ಹಾಗಾದರೆ ಕೊರತೆ ವರ್ಷಕ್ಕೆ 20 ಸಾವಿರ, ನಾಲ್ಕು ವರ್ಷಕ್ಕೆ 80 ಸಾವಿರ. ಡಾಲರಿಗೆ 90 ರೂಪಾಯಿ ಹಿಡಿದರೂ 72 ಲಕ್ಷ. ಸೈಟಿನ ಬೆಲೆಗೆ ಹತ್ತಿರ ಬಂತು, ಅಲ್ವಾ? ಆದರೆ ಆ 70 ಸಾವಿರದಲ್ಲಿ ಬಾಡಿಗೆ, ಊಟದ ಲೆಕ್ಕವೂ ಇದೆ. ಕಾಲೇಜು ಮನೆಯಿಂದ ಮುಕ್ಕಾಲು ಗಂಟೆ ದಾರಿ ಎಂದು ನೀವೇ ಬರೆದಿದ್ದೀರಿ. ಮೊದಲ ಎರಡು ವರ್ಷ ಹೆಚ್ಚಾಗಿ ಕ್ಲಾಸಿನಲ್ಲಿ ಕೂತು ಓದುವುದು. ಅಷ್ಟು ದಿನ ಮನೆಯಿಂದಲೇ ಓಡಾಡಿದರೆ ಕೊರತೆ ಎಷ್ಟೋ ಇಳಿಯುತ್ತದೆ. ಇದನ್ನು ಯಾರಾದರೂ ಅವಳನ್ನು ಕೇಳಿದ್ದಾರಾ?

ಫ್ರೀ ಸೀಟಿನ ಕಡೆಗೂ ನೋಡಿ. ಫೀಸು ಸೊನ್ನೆ, ಆದರೆ ಬಾಡಿಗೆ ನ್ಯೂಯಾರ್ಕಿನದು. ವರ್ಷಕ್ಕೆ 30 ಸಾವಿರ ಹಿಡಿದರೂ ನಾಲ್ಕು ವರ್ಷಕ್ಕೆ 1.2 ಲಕ್ಷ ಡಾಲರ್. ಅಂದರೆ 2.8 ಲಕ್ಷವನ್ನು ತೂಗಬೇಕಾದ್ದು 1.2 ಲಕ್ಷದ ಜೊತೆ, ಸೊನ್ನೆಯ ಜೊತೆ ಅಲ್ಲ. ವ್ಯತ್ಯಾಸ 1.6 ಲಕ್ಷ. ದೊಡ್ಡದೇ, ಇಲ್ಲವೆನ್ನುವುದಿಲ್ಲ. ಸಾಲದ ಬಡ್ಡಿಯೂ ಶೇಕಡಾ 8ರ ಹತ್ತಿರ ಇದೆ. ಸೀಟು ಬಂದರೆ ಕಣ್ಣಿಗೊತ್ತಿಕೊಂಡು ಹೋಗಲಿ. ಬರದಿದ್ದರೆ ಬದುಕು ಮುಳುಗುವುದಿಲ್ಲ. ಅಲ್ಲಿ ಮೆಡಿಕಲ್ ಮುಗಿಸಿದವರ ಮೇಲೆ 2 ಲಕ್ಷ ಡಾಲರ್ ಸಾಲ ಇರುವುದು ಮಾಮೂಲು. ಲಾಭಕ್ಕಲ್ಲದ ಆಸ್ಪತ್ರೆಯಲ್ಲಿ ದುಡಿಯುತ್ತಾ 10 ವರ್ಷದಲ್ಲಿ 120 ಕಂತು ಕಟ್ಟಿದರೆ ಉಳಿದ ಸರ್ಕಾರಿ ಸಾಲ ಮಾಫಿಯಾಗುವ ಯೋಜನೆ ಇದೆ. ಅಂಥ ಆಸ್ಪತ್ರೆಯಲ್ಲಿ ಸಂಬಳದ ಮೇಲೆ ತರಬೇತಿ ಪಡೆಯುವ ವರ್ಷಗಳೂ ಅದರಲ್ಲಿ ಸೇರುತ್ತವೆ.

ಸೈಟಿನ ಹಣ ಕಳಿಸುವುದೇ ಆದರೂ ಕಾನೂನು ತಡೆಯುವುದಿಲ್ಲ. ಇಲ್ಲಿ ನೆಲೆಸಿದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಮಾರಿದ ಲಾಭಕ್ಕೆ ತೆರಿಗೆ ಇದೆ, ಕಳಿಸುವಾಗ ಬ್ಯಾಂಕು ಹಿಡಿಯುವ ತೆರಿಗೆ ಇದೆ. ಆಡಿಟರ್ ಹತ್ತಿರ ಒಮ್ಮೆ ಕೂತು ಬನ್ನಿ. ಕೊರತೆ ವರ್ಷ ವರ್ಷಕ್ಕೆ ಬರುವುದು ಮೇಷ್ಟ್ರೇ. ಒಂದೇ ದಿನ ಪೂರ್ತಿ ಸೈಟು ಮಾರಿ ತೀರಿಸಬೇಕಾದ ಸಾಲ ಇದಲ್ಲ.

ನನ್ನ ಮನೆಯ ಕಥೆ ಹೇಳುತ್ತೇನೆ. 1987, ನನ್ನ ಪಿಯುಸಿ ಮುಗಿದ ಬೇಸಿಗೆ. ಇನ್ನೂ ಸಿಇಟಿ ಬಂದಿರಲಿಲ್ಲ. ಎಂಜಿನಿಯರಿಂಗ್ ಸೀಟಿನ ಲಿಸ್ಟ್ ಬರುವುದು ತಡವಾಯಿತು. ದಿನಾ ಪೋಸ್ಟ್‌ಮ್ಯಾನ್ ಸೈಕಲ್ಲಿನ ಗಂಟೆಗೆ ಅಪ್ಪ ಜಗುಲಿಗೆ ಬಂದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಪರಿಚಯದವರೊಬ್ಬರು, ಖಾಸಗಿ ಕಾಲೇಜಿನಲ್ಲಿ ಒಂದೇ ಸೀಟು ಉಳಿದಿದೆ, ಈ ವಾರವೇ ಕಟ್ಟಬೇಕು ಎಂದರು. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಒಳಗೆ ಹೋಗಿ ಅವಲಕ್ಕಿ ಸರ ಬಿಚ್ಚಿ ತಂದರು, ಅರಿಶಿನದ ಬಟ್ಟೆಯಲ್ಲಿ ಸುತ್ತಿ. ಇಪ್ಪತ್ತಮೂರು ದಿನಕ್ಕೆ ಸರ್ಕಾರಿ ಸೀಟಿನ ಕಾರ್ಡು ಬಂತು. ಕಟ್ಟಿದ ದುಡ್ಡು ವಾಪಸ್ ಬರಲು ಎರಡು ವರ್ಷ ಹಿಡಿಯಿತು, ಅದೂ ಮೂರು ಕಂತಿನಲ್ಲಿ. ಅಷ್ಟರಲ್ಲಿ ಬಂಗಾರದ ರೇಟು ಎಲ್ಲಿಗೋ ಹೋಗಿತ್ತು. ಸರ ಮತ್ತೆ ಮಾಡಿಸಲಿಲ್ಲ. ಆ ಎಂಜಿನಿಯರಿಂಗ್ ಓದಿ ಮಗ ಪತ್ರಿಕೆ ಮಾಡಿದ ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಕತ್ತು ಮುಟ್ಟಿಕೊಂಡು ನಗುತ್ತಿದ್ದರು.

ಬ್ರೋಕರ್‌ಗೆ ಜೂನ್ ಕೊನೆಗೆ ಬಾ ಅನ್ನಿ. ನಿಜವಾಗಿ ಕೊಳ್ಳುವವರಿದ್ದರೆ ಆಗಲೂ ಇರುತ್ತಾರೆ. ಅಷ್ಟರಲ್ಲಿ ಮಗಳು ಅಳಿಯನ ಜೊತೆ ಒಮ್ಮೆ ಬಾಯಿಬಿಟ್ಟು ಮಾತಾಡಿ. ಅವರು ನಿಮ್ಮನ್ನು ದುಡ್ಡು ಕೇಳಿಯೇ ಇಲ್ಲ ಎಂಬುದನ್ನೂ ನಿಮ್ಮ ಪತ್ರದಲ್ಲೇ ಓದಿದೆ. ಮೂರನೇ ಪುಟದಲ್ಲಿ, ಸಾಲಿನ ಮಧ್ಯೆ ಅಡಗಿಸಿ ಬರೆದಿದ್ದೀರಿ.

ಇನ್ನೊಂದು. ಪ್ರತಿ ಭಾನುವಾರ ಫೋನ್ ಮಾಡಿ "ಏನಾದ್ರೂ ಬಂತಾ ಮಗೂ?" ಎಂದು ಕೇಳುತ್ತೀರಂತೆ. ಅವಳು "ಇಲ್ಲ ತಾತ" ಎಂದು ಫೋನನ್ನು ಅಮ್ಮನ ಕೈಗೆ ಕೊಡುತ್ತಾಳಂತೆ. ದಿನಕ್ಕೆ ಹತ್ತು ಸಲ ಈಮೇಲ್ ತೆಗೆದು ನೋಡುವ ಹುಡುಗಿಗೆ ಆ ಪ್ರಶ್ನೆ ಹನ್ನೊಂದನೆಯದು. ಬಂದರೆ ಅವಳೇ ಹೇಳುತ್ತಾಳೆ, ಇಲ್ಲಿ ನಡುರಾತ್ರಿಯಾದರೂ ಎಬ್ಬಿಸಿ ಹೇಳುತ್ತಾಳೆ. ಈ ಭಾನುವಾರ ತೋಟದ ವಿಷಯ ಮಾತಾಡಿ. ಕೊಬ್ಬರಿ ರೇಟು ಹೇಳಿ. ಸಿಕ್ಕಿರುವ ಕಾಲೇಜು ಹೇಗಿದೆ, ಲ್ಯಾಬು ನೋಡಿದೆಯಾ, ಜೊತೆಗೆ ಯಾರು ಸೇರುತ್ತಾರೆ ಎಂದು ಕೇಳಿ. ಆ ಸೀಟಿನ ಬಗ್ಗೆ ಈವರೆಗೆ ಮನೆಯಲ್ಲಿ ಯಾರೂ ಸಂತೋಷದಿಂದ ಎರಡು ಮಾತಾಡಿದ ಹಾಗೆ ಕಾಣಲಿಲ್ಲ.

ಕೊನೆಗೆ ನಿಮ್ಮ ಮನೆಯವರ ಪ್ರಶ್ನೆ. ಮೊಮ್ಮಗಳಿಗೆ ಡಾಕ್ಟರ್ ಸೀಟು ಸಿಕ್ಕರೆ ಯಡಿಯೂರಿಗೆ ಬರುತ್ತೇನೆಂದು ಹೋದ ವರ್ಷವೇ ಹರಕೆ ಹೊತ್ತಿದ್ದರಂತೆ. ಈಗಲೇ ತೀರಿಸಬಹುದಾ, ಫ್ರೀ ಸೀಟು ಬರುವ ತನಕ ಕಾಯಬೇಕಾ ಎಂದು ಕೇಳಿದ್ದಾರೆ. ಅಮ್ಮಾ, ನೀವು ಹರಕೆ ಹೊತ್ತದ್ದು ಸೀಟಿಗೆ. ಸಿದ್ಧಲಿಂಗೇಶ್ವರನ ಹತ್ತಿರ ಫೀಸಿನ ಮಾತು ಎತ್ತಿರಲಿಲ್ಲವಲ್ಲ. ಮೇಷ್ಟ್ರನ್ನೂ ಕರಕೊಂಡು ಹೋಗಿ ಬನ್ನಿ. ಬೆಳಿಗ್ಗೆ ಬೇಗ ಹೊರಡಿ, ಈಗ ಬಿಸಿಲು ಜಾಸ್ತಿ.