ಜೊತೆಯವರ ಒತ್ತಡಕ್ಕೆ ಮಕ್ಕಳ ಆತ್ಮವಿಶ್ವಾಸ ಕುಗ್ಗುತ್ತದೆಯೇ?

ಮಗಳು ಎಂಟನೇ ಕ್ಲಾಸಿಗೆ ಬಂದ ಮೇಲೆ ಏನು ಕೇಳಿದರೂ 'ಎಲ್ಲರೂ ಹೀಗೇ ಮಾಡೋದು' ಅನ್ನುತ್ತಾಳೆ, ಮೊದಲಿನ ಧೈರ್ಯವೇ ಇಲ್ಲ, ಇದು ಗೆಳತಿಯರ ಪ್ರಭಾವವೇ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಹೌದು.

ನಾನು ಆ ವಯಸ್ಸಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಒತ್ತಡ ಅಂದ ಕೂಡಲೇ ನಮಗೆ ಸಿಗರೇಟು, ಕ್ಲಾಸಿಗೆ ಚಕ್ಕರ್ ಇಂಥದ್ದೇ ನೆನಪಾಗುತ್ತದೆ. ನನ್ನ ಕಣ್ಣಿಗೆ ಜಾಸ್ತಿ ಬೀಳುವುದು ಬೇರೆ. ಲೆಕ್ಕ ಸರಿಯಾಗೇ ಮಾಡಿದ ಹುಡುಗಿ ಪಕ್ಕದವಳ ನೋಟ್‌ಬುಕ್ ಕಡೆ ಕಣ್ಣು ಹಾಯಿಸುತ್ತಾಳೆ. ಅಲ್ಲಿ ಬೇರೆ ಉತ್ತರ. ಹಿಂದಿನ ಬೆಂಚಿನಲ್ಲೂ ಅದೇ. ಇವಳು ಸುಮ್ನೆ ರಬ್ಬರ್ ತೆಗೆದು ತನ್ನದನ್ನು ಅಳಿಸಿಬಿಡುತ್ತಾಳೆ. ಯಾರೂ ಅವಳನ್ನು ಒತ್ತಾಯ ಮಾಡಿರುವುದಿಲ್ಲ!

1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅಮೆರಿಕದ ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗೆರೆ ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಯಾವುದು ಅಷ್ಟೇ ಉದ್ದ ಅಂತ ಕೇಳುವುದು. ನೋಡಿದರೇ ಗೊತ್ತಾಗುವಂಥದ್ದು. ಆದರೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಹಾಗೆ ಸಿಕ್ಕಿಕೊಂಡ ಹುಡುಗರಲ್ಲಿ ಸುಮಾರು ನಾಲ್ವರಿಗೆ ಮೂವರು ಒಮ್ಮೆಯಾದರೂ ಆ ತಪ್ಪಿಗೇ ಹೂಂ ಅಂದರು. ಕೆಲವರಿಗೆ ಬೇರೆಯಾಗಿ ಕಾಣುವ ಭಯ. ಇನ್ನು ಕೆಲವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ. ಈ ಎರಡನೆಯದೇ ನನಗೆ ಚಿಂತೆಯ ವಿಷಯ. ಹೆದರಿ ಸುಮ್ಮನಿದ್ದ ಮಗುವಿಗೆ ತನ್ನ ಉತ್ತರ ಸರಿ ಅಂತಾದರೂ ಗೊತ್ತಿರುತ್ತದೆ. ಅನುಮಾನ ಹತ್ತಿದ ಮಗುವಿಗೆ ಅದೂ ಇಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಗುಂಪಿನ ತಪ್ಪಿಗೆ ಒಪ್ಪುವುದು ಕಾಲು ಭಾಗಕ್ಕೆ ಇಳಿಯಿತು. ಉತ್ತರವನ್ನು ಜೋರಾಗಿ ಹೇಳದೆ ಬರೆದಾಗಲೂ ಕಡಿಮೆಯಾಯಿತು. ಅದಕ್ಕೇ ನಾನು ಕ್ಲಾಸಿನಲ್ಲಿ ಮೊದಲು ಎಲ್ಲರೂ ಬರೆಯಲಿ, ಆಮೇಲೆ ಮಾತು ಅನ್ನುತ್ತೇನೆ.

ಮನೆಯಲ್ಲಿ ನೀವೂ 'ಉಳಿದವರು ಏನಂದರು?' ಅನ್ನುವ ಮೊದಲು 'ನಿನಗೇನನ್ನಿಸಿತು?' ಅಂತ ಕೇಳಿ. ಬೇರೆ ಮಕ್ಕಳ ಮಾರ್ಕ್ಸ್ ಜೊತೆ ಹೋಲಿಸಬೇಡಿ, ಅದೂ ಇದೇ ಒತ್ತಡ ಅಲ್ವಾ? ಗೆಳತಿಯರ ಗುಂಪು ಬಿಡಿಸಲು ಮಾತ್ರ ಹೋಗಬೇಡಿ. ಈ ವಯಸ್ಸಿನಲ್ಲಿ ಒಂಟಿಯಾಗುವುದು ಇನ್ನೂ ಕಷ್ಟ. ವಾದ ಮಾಡಿದರೂ ಮರುದಿನ ಮಗಳು ಯಾವ ಗೆಳತಿಯ ಜೊತೆ ಮೊದಲಿನಂತೆಯೇ ಮಾತಾಡಿಕೊಂಡಿರುತ್ತಾಳೆ ಅಂತ ಗಮನಿಸಿ. ಅಂಥ ಒಬ್ಬಳು ಇದ್ದೇ ಇರುತ್ತಾಳೆ. ರಜೆಯಲ್ಲಿ ಅವಳನ್ನು ಮನೆಗೆ ಕರೆಯಿರಿ, ಇಬ್ಬರೂ ಒಟ್ಟಿಗೆ ಓದಿಕೊಳ್ಳಲಿ.