ಬಾತುಕೋಳಿಯ ಪಾದದಲ್ಲಿ ಪೊರೆ ಉಳಿಯುವುದೇಕೆ?

ಪ್ರಶ್ನೆ: ನಮ್ಮಲ್ಲಿ ಬಾತುಕೋಳಿಯ ಮೊಟ್ಟೆಗಳನ್ನೂ ನಾಟಿ ಕೋಳಿಯಡಿಯಲ್ಲೇ ಕಾವಿಗಿಡುತ್ತೇವೆ. ಕೋಳಿಮರಿಯ ಬೆರಳುಗಳು ಬಿಡಿಬಿಡಿಯಾಗಿದ್ದರೆ ಬಾತುಮರಿಗೆ ಮಾತ್ರ ಬೆರಳುಗಳ ನಡುವೆ ಪೊರೆ ಹೇಗೆ ಬೆಳೆಯುತ್ತದೆ?

ಉತ್ತರ: ಪೊರೆ ಬಾತುಮರಿಗೆ ಹೊಸದಾಗಿ ಬೆಳೆಯುವುದಿಲ್ಲ, ಕೋಳಿಮರಿಗೂ ಇದ್ದದ್ದು ಮೊಟ್ಟೆಯೊಳಗೇ ಅಳಿದುಹೋಗುತ್ತದೆ. ಎರಡರ ಪಾದವೂ ಮೊದಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿ ಮೂಡುತ್ತದೆ. ಬಳಿಕ ಬೆರಳುಗಳ ನಡುವಿನ ಜೀವಕೋಶಗಳು ಬಿಎಂಪಿ ಎಂಬ ಪ್ರೋಟೀನ್‌ಗಳನ್ನು ಹೊರಕ್ಕೆ ಸ್ರವಿಸುತ್ತವೆ. ಇವು ಅಲ್ಲಿನ ಜೀವಕೋಶಗಳ ಮೇಲ್ಮೈಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡಾಗ ಒಳಗೆ ಸಂಕೇತ ಹರಿದು, ಆ ಜೀವಕೋಶಗಳು ಕ್ರಮಬದ್ಧವಾಗಿ ಸಾಯುತ್ತವೆ. 1996ರಲ್ಲಿ ಕೋಳಿಭ್ರೂಣದ ಕಾಲಿನಲ್ಲಿ ಈ ಗ್ರಾಹಕಗಳ ಕೆಲಸವನ್ನು ತಡೆದಾಗ ಕೋಳಿಗೂ ಪೊರೆಯುಳ್ಳ ಪಾದವೇ ಬಂತು.

ಬಾತಿನ ಪಾದದಲ್ಲೂ ಅದೇ ಜಾಗದಲ್ಲಿ ಬಿಎಂಪಿ ತಯಾರಾಗುತ್ತದೆ ಎಂಬುದೇ ಇಲ್ಲಿನ ನಿಜವಾದ ಸ್ವಾರಸ್ಯ. ಆದರೆ ಅಲ್ಲಿ ಗ್ರೆಮ್ಲಿನ್ ಎಂಬ ಇನ್ನೊಂದು ಪ್ರೋಟೀನ್ ಕೂಡ ಸ್ರವಿಸಲ್ಪಟ್ಟು, ಬಿಎಂಪಿಯನ್ನು ಜೀವಕೋಶದ ಹೊರಗೇ ಹಿಡಿದು ಗ್ರಾಹಕವನ್ನು ಮುಟ್ಟದಂತೆ ಮಾಡುತ್ತದೆ. ಸಾಯಬೇಕೆಂಬ ಸಂಕೇತ ತಲುಪದ ಜೀವಕೋಶಗಳು ಪೊರೆಯಾಗಿ ಉಳಿದುಕೊಳ್ಳುತ್ತವೆ. ಗ್ರೆಮ್ಲಿನ್‌ನಲ್ಲಿ ನೆನೆಸಿದ ಸೂಕ್ಷ್ಮ ಮಣಿಯನ್ನು ಕೋಳಿಭ್ರೂಣದ ಬೆರಳುಗಳ ನಡುವೆ ಇರಿಸಿದಾಗ ಅಲ್ಲಿನ ಅಂಗಾಂಶವೂ ಅಳಿಯದೆ ಉಳಿಯಿತೆಂದು 1999ರಲ್ಲಿ ವರದಿಯಾಯಿತು. ಬಾವಲಿಯ ರೆಕ್ಕೆಯ ಪೊರೆಯಲ್ಲೂ ಗ್ರೆಮ್ಲಿನ್‌ನ ಪಾತ್ರವಿದೆ, ಆದರೆ ಅಲ್ಲಿ ಎಫ್‌ಜಿಎಫ್ ಎಂಬ ಮತ್ತೊಂದು ಸಂಕೇತವೂ ಜೊತೆಗೂಡುತ್ತದೆ. ನಮ್ಮ ಕೈಬೆರಳುಗಳೂ ಗರ್ಭದ ಎರಡನೆಯ ತಿಂಗಳಿನಲ್ಲಿ ಕೋಳಿಮರಿಯಲ್ಲಿನಂತೆಯೇ ನಡುವಿನ ಜೀವಕೋಶಗಳು ಸತ್ತು ಬಿಡಿಯಾಗುತ್ತವೆ. ಹಾಗೆಂದು ಕೂಡುಬೆರಳಿನೊಂದಿಗೆ ಹುಟ್ಟುವ ಪ್ರತಿ ಮಗುವಿನಲ್ಲೂ ಗ್ರೆಮ್ಲಿನ್ನೇ ಕಾರಣವೆಂದು ಭಾವಿಸಬಾರದು, ಅದಕ್ಕೆ ಬೇರೆ ಬೇರೆ ಜೀನ್‌ಗಳ ದೋಷಗಳಿವೆ.

ಪ್ರಶ್ನೆ: ಬಿಎಂಪಿ ಮೂಳೆ ಬೆಳೆಸುವ ಪ್ರೋಟೀನ್ ಎಂದು ಓದಿದ್ದೆ. ಅದೇ ಜೀವಕೋಶಗಳನ್ನು ಕೊಲ್ಲುವುದು ಹೇಗೆ?

ಉತ್ತರ: ನೀವು ಓದಿದ್ದು ಸರಿ. ಖನಿಜಾಂಶ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರೆ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆಂದು ಅಮೆರಿಕದ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದರಿಂದಲೇ ಈ ಪ್ರೋಟೀನ್‌ಗಳ ಹುಡುಕಾಟ ಆರಂಭವಾಯಿತು. ಆದರೆ ಸ್ರವಿಸಲ್ಪಟ್ಟ ಪ್ರೋಟೀನ್ ತನ್ನಷ್ಟಕ್ಕೆ ಮೂಳೆಯ ಆದೇಶವೂ ಅಲ್ಲ, ಸಾವಿನ ಆದೇಶವೂ ಅಲ್ಲ, ಅದನ್ನು ಪಡೆಯುವ ಜೀವಕೋಶ ಯಾವುದು ಎಂಬುದರ ಮೇಲೆ ಪರಿಣಾಮ ನಿಂತಿದೆ. ಭ್ರೂಣದ ಪಾದದಲ್ಲೇ ನೋಡಿ: ಬೆರಳಾಗಲಿರುವ ಜೀವಕೋಶಗಳು ಬಿಎಂಪಿ ಪಡೆದು ಮೃದ್ವಸ್ಥಿಯಾಗುತ್ತವೆ, ಪಕ್ಕದ ಸಂದಿನವು ಅದನ್ನೇ ಪಡೆದು ಸಾಯುತ್ತವೆ.